ಮಗಳ ವೀಸಾಕ್ಕೆ ನನ್ನ ಉತ್ತರ

ಬೆಳಗ್ಗೆ ಎದ್ದು ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚಿ, ಒಲೆಯ ಮೇಲಿಟ್ಟ ಹಾಲು ಉಕ್ಕುವ ತನಕ ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ನಿತ್ಯದ ರೂಢಿ. ಜ್ವರ ಬಂದರೂ ತಪ್ಪಿಸಿದವಳಲ್ಲ. ಅದು ಕೊಡು, ಇದು ಕೊಡು ಎಂದು ದೇವರನ್ನು ಪೀಡಿಸುವುದಿಲ್ಲ. ಅವನೇನಾದರೂ ಹೇಳುತ್ತಾನೋ ಎಂದು ಕಿವಿಗೊಟ್ಟು ಕೂರುತ್ತೇನೆ. (ಇಡೀ ದಿನದಲ್ಲಿ ಈ ಮನೆಗೆ ಸಿಗುವ ಮೌನ ಅಷ್ಟೇ ಎನ್ನುತ್ತಾರೆ ನಮ್ಮವರು. ಅನ್ನಲಿ. ಕನ್ನಡಕದ ಅಂಗಡಿ ಇಟ್ಟವರು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದು ಅವರ ಕಸುಬು.)

ನಾನು ಶಾಲೆಯನ್ನು ನಡುವೆಯೇ ಬಿಟ್ಟವಳು. ಬಂದಷ್ಟು ಓದು, ಮಗಳ ಪಠ್ಯಪುಸ್ತಕಗಳನ್ನು ಅವಳಿಗಿಂತ ಮೊದಲೇ ಓದಿ ದಕ್ಕಿಸಿಕೊಂಡದ್ದು. ಆದರೆ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಹುಟ್ಟಿನಿಂದಲೇ ಬಂದಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಇಳಿಯುವಷ್ಟರಲ್ಲಿ ತಮ್ಮ ನಾದಿನಿಯ ಚರಿತ್ರೆಯನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಸಿ, ಕಣ್ಣೊರೆಸಿಕೊಂಡು ಹೋಗುತ್ತಾರೆ.

ಮಗಳಿಗೆ ಕಿವಿ ಪರೀಕ್ಷೆ ಮಾಡುವ ವಿದ್ಯೆ ಕಲಿಯುವ ಹಟ. ದೂರದ ದೇಶದ ಕಾಲೇಜೊಂದು ಸೀಟು ಕೊಟ್ಟಿತು. ವೀಸಾ ಸಿಕ್ಕರೆ ಸೀಟು ಅವಳದು, ಇಲ್ಲದಿದ್ದರೆ ಇನ್ಯಾರದೋ. ಆ ದೇಶದವರ ರಾಯಭಾರ ಕಚೇರಿ ನಮ್ಮಲ್ಲಿಲ್ಲ. ಗಡಿ ದಾಟಿ ಪಕ್ಕದ ದೇಶದ ರಾಜಧಾನಿಗೆ ಹೋಗಬೇಕು. ಮಗಳಿಗಿನ್ನೂ ಹದಿನೆಂಟು ತುಂಬದ ಕಾರಣ ತಂದೆತಾಯಿ ಜೊತೆಗಿರಬೇಕೆಂದು ಅಪ್ಪಣೆಯಾಯಿತು.

ಸಂದರ್ಶನದ ತಾಲೀಮು ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಸೌಟು ಹಿಡಿದ ಮಹಾರಾಯಭಾರಿ ನಾನೇ.

"ಈ ಕೋರ್ಸನ್ನು ಯಾಕೆ ಆರಿಸಿಕೊಂಡೆ?" ಎಂದು ಗಂಭೀರವಾಗಿ ಕೇಳಿದೆ.

"ಯಾಕಂದ್ರೆ..."

"ಯಾಕಂದ್ರೆ ಚಿಕ್ಕಂದಿನಿಂದ ನಂಗೆ ಜನಸೇವೆ ಅಂದ್ರೆ ಪ್ರಾಣ," ಎಂದು ನಾನೇ ಮುಗಿಸಿದೆ.

"ಅಮ್ಮಾ, ಪ್ರಶ್ನೇನೂ ನಿಂದೇ, ಉತ್ತರಾನೂ ನಿಂದೇ ಆದ್ರೆ ವೀಸಾನೂ ನಿಂಗೇ ಕೊಟ್ಟು ಕಳಿಸ್ತಾರೆ."

"ದಾರಿ ತೋರಿಸ್ದೆ ಕಣೇ. ಹಾಗೆ ತಡವರಿಸಿದ್ರೆ ಅವರಿಗೆ ಅನುಮಾನ ಬರುತ್ತೆ."

"ನಾನು ತಡವರಿಸ್ಲಿಲ್ಲ, ಉಸಿರು ತಗೊಂಡೆ!"

ನಮ್ಮವರು ಪೇಪರಿನಿಂದ ತಲೆಯೆತ್ತಿದರು. "ಉಸಿರು ತಗೊಳ್ಳೋದೆಲ್ಲ ಮನೆಯಿಂದ ಹೊರಗೆ ಪುಟ್ಟಿ. ನಾನು ಅಂಗಡಿಗೆ ಹೋಗಿ ತಗೊಳ್ತೀನಿ."

"ರೀ, ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಲ್ಲ. ಕೇಳಿದ್ರೂ ನೀನೇ ಹೇಳಿರ್ತೀಯ."

(ಹಲ್ಲಿನ ಡಾಕ್ಟರು ಇವರನ್ನು ಎಲ್ಲಿ ನೋವು ಎಂದು ಕೇಳಿದಾಗ ನಾನು ಹೇಳಿದ್ದು ನಿಜ. ಬಾಯಿ ಅಷ್ಟಗಲ ತೆರೆದುಕೊಂಡವರು ಮಾತಾಡುವುದು ಹೇಗೆ? ಡಾಕ್ಟರು ಕಿತ್ತದ್ದು ಪಕ್ಕದ ಹಲ್ಲು ಎಂಬುದು ಆಮೇಲೆ ತಿಳಿದ ವಿಷಯ.)

ಪರದೇಶದ ವಸತಿಗೃಹದಲ್ಲೂ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ದೀಪ ಹಚ್ಚಿ ಕೂತೆ. ಎದ್ದ ಕೂಡಲೇ ಮಗಳು ಕೈಹಿಡಿದುಕೊಂಡಳು. "ಅಮ್ಮಾ, ನನ್ನ ಪ್ರಶ್ನೆಗೆ ಬಾಯಿ ಹಾಕಲ್ಲ ಅಂತ ಮಾತು ಕೊಡು."

"ನಾನ್ಯಾಕೆ ಬಾಯಿ ಹಾಕ್ಲಿ? ನಾನು ಕೇಳಿಸ್ಕೊಳ್ಳೋಳು," ಎಂದೆ. ಅಪ್ಪ, ಮಗಳು ಮುಖ ಮುಖ ನೋಡಿಕೊಂಡರು.

ಕಚೇರಿಯಲ್ಲಿ ಕಾವಲಿನವನು ನೀರಿನ ಬಾಟಲಿ ಕಿತ್ತಿಟ್ಟುಕೊಂಡ. ತಣ್ಣನೆಯ ಕಬ್ಬಿಣದ ಕುರ್ಚಿಗಳು, ಟೋಕನ್ನಿನ ನಂಬರು ಕೂಗುವ ಯಂತ್ರ, ಎಲ್ಲರ ಮುಖದಲ್ಲೂ ಪರೀಕ್ಷೆಯ ಕಳೆ. ನಮ್ಮ ಸರದಿ ಬಂದಾಗ ದಪ್ಪ ಗಾಜಿನ ಆಚೆ ಕನ್ನಡ ಬಲ್ಲ ಒಬ್ಬ ಅಧಿಕಾರಿಣಿ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಸ್ಕ್ರೂ ಸಡಿಲ," ಎಂದು ನಮ್ಮವರು ಗೊಣಗಿದರು. ಕನ್ನಡಕದ್ದು ಎಂದು ಅವರು ಸೇರಿಸುವ ಮೊದಲೇ ನಾನು ಮೊಣಕೈಯಿಂದ ತಿವಿದೆ.

"ಓದು ಮುಗಿದ ಮೇಲೆ ಏನು ಮಾಡ್ತೀಯಮ್ಮ?" ಅಧಿಕಾರಿಣಿ ಮಗಳನ್ನು ಕೇಳಿದರು.

ಮಗಳು ಉಸಿರು ತೆಗೆದುಕೊಂಡಳು. ನನ್ನ ಕಣ್ಣಿಗೋ, ಕಾಲೇಜಿನ ಸೀಟು ಬಾಗಿಲು ದಾಟಿ ಓಡಿದಂತೆ ಕಂಡಿತು.

"ವಾಪಸ್ ಬರ್ತಾಳೆ! ಅಪ್ಪನ ಅಂಗಡಿ ಪಕ್ಕದಲ್ಲೇ ಕ್ಲಿನಿಕ್ಕು ಹಾಕ್ತಾಳೆ!"

"ಮೇಡಂ, ನಾನು ಕೇಳಿದ್ದು ಅವಳನ್ನ."

"ಹೌದೌದು, ಅವಳೇ ಹೇಳ್ಲಿ. ನಾನು ಸುಮ್ಮನೆ ಕೇಳಿಸ್ಕೊಳ್ತೀನಿ."

"ಸರಿ. ಈ ಕೋರ್ಸೇ ಯಾಕೆ ಬೇಕು?"

"ಜನಸೇವೆ ಅಂದ್ರೆ ಪ್ರಾಣ!" ಯಾರೋ ಅಂದರು. ನೋಡಿದರೆ ನಾನೇ.

ಅಧಿಕಾರಿಣಿ ಕೈಲಿದ್ದ ಮುದ್ರೆಯನ್ನು ಕೆಳಗಿಟ್ಟರು. "ನಿಜ ಹೇಳಮ್ಮ. ಈ ಓದು ಬೇಕಾಗಿರೋದು ನಿಂಗಾ, ನಿಮ್ಮಮ್ಮಂಗಾ? ನಿಮ್ಮಮ್ಮಂಗೆ ಅಂತಾದ್ರೆ ವೀಸಾ ಕೊಡೋಕಾಗಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಮುಂದೆ ಬಂದು ಗಾಜಿನ ಹತ್ತಿರ ನಿಂತಳು.

"ನಂಗೇ ಬೇಕು ಮೇಡಂ. ನಮ್ಮಮ್ಮಂಗೆ ಬಸ್ಸಲ್ಲಿ ಪಕ್ಕಕ್ಕೆ ಕೂತವರ ಮಾತು ಕೇಳಿಸುತ್ತೆ, ಬೀದಿ ಕೊನೇಲಿರೋರ ಕಷ್ಟ ಕೇಳಿಸುತ್ತೆ. ನಾನು, ನಮ್ಮಪ್ಪ ಪಕ್ಕದಲ್ಲೇ ನಿಂತು ಹೇಳಿದ್ದು ಮಾತ್ರ ಕೇಳ್ಸಲ್ಲ. ಪರೀಕ್ಷೆ ಮಾಡಿಸಿದ್ವಿ, ಕಿವಿಯಲ್ಲಿ ಏನೂ ತೊಂದರೆ ಇಲ್ಲವಂತೆ. ಹಾಗಾದ್ರೆ ಇದು ಯಾಕೆ ಹೀಗೆ ಅಂತ ಯೋಚನೆ ಮಾಡಿ ಮಾಡೀನೇ ಈ ಓದಿನ ಹುಚ್ಚು ಹಿಡಿದಿದ್ದು."

(ಪೇಟೆಯಲ್ಲಿ ಉಚಿತ ತಪಾಸಣೆಯೆಂದು ನನ್ನನ್ನು ಕರೆದೊಯ್ದದ್ದು ಇದಕ್ಕೇ!)

"ಓದು ಮುಗಿದ ಮೇಲೆ?"

"ವಾಪಸ್ ಬರಲೇಬೇಕಲ್ಲ ಮೇಡಂ. ಪೇಷಂಟು ಮನೇಲೇ ಇದ್ದಾರೆ."

ಅಧಿಕಾರಿಣಿ ನಕ್ಕ ರಭಸಕ್ಕೆ ಕನ್ನಡಕ ಮೇಜಿನ ಮೇಲೆ ಬಿತ್ತು. "ಊರಿಗೆ ವಾಪಸ್ ಹೋಗೋದಕ್ಕೆ ಇಷ್ಟು ಗಟ್ಟಿ ಕಾರಣ ಇದುವರೆಗೆ ಯಾರೂ ಕೊಟ್ಟಿರ್ಲಿಲ್ಲ," ಎಂದು ಧೊಪ್ಪನೆ ಮುದ್ರೆ ಒತ್ತಿಬಿಟ್ಟರು. ನನ್ನ ಮರ್ಯಾದೆಯ ಮೇಲೇ ಒತ್ತಿದಷ್ಟು ಸದ್ದಾಯಿತು. ಆದರೂ ಕೈಗಳು ತಾವಾಗಿ ಕೂಡಿಕೊಂಡವು.

ಅವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಚಿಕ್ಕ ವಯಸ್ಸಿನ ವಿದ್ಯಾರ್ಥಿ ಜೊತೆಗೆ ತಾಯಿ ಹೋಗಿ ಸ್ವಲ್ಪ ದಿನ ಇರಬಹುದು ಮೇಡಂ. ಬೇಕಿದ್ರೆ ಅದನ್ನೂ ಇವತ್ತೇ ಮಾಡಿಕೊಡ್ತೀನಿ. ಹೋಗ್ತೀರಾ?"

"ಹೋಗ್ತಾಳೆ!" ಎಂದರು ನಮ್ಮವರು. ಅಷ್ಟು ದೊಡ್ಡ ದನಿ ಅವರಲ್ಲಿದೆಯೆಂದು ನನಗೆ ಅಂದೇ ಗೊತ್ತಾದದ್ದು.

ಮಗಳ ಮುಖ ಬಿಳಿಚಿಕೊಂಡಿತು. "ಅಮ್ಮಾ, ನಿಂಗೆ ಆಸೆ ಇದ್ರೆ..." ಎಂದು ಉಸಿರು ತೆಗೆದುಕೊಂಡಳು. ಆ ಮಾತು ಮುಗಿಸಲು ನನ್ನ ನಾಲಿಗೆ ತುರಿಸಿತು. ದೀಪದ ಮುಂದೆ ಕೂತಂತೆ ಬಾಯಿ ಮುಚ್ಚಿ ಕಾದೆ. ಅವಳು ಮುಗಿಸಲಿಲ್ಲ, ಆದರೆ ಮಿಕ್ಕದ್ದೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ಬೇಡ ಮೇಡಂ, ನಾನು ಮನೇಲೇ ಇರ್ತೀನಿ," ಎಂದೆ. "ಇವರಿಗೆ ಇನ್ನೊಂದು ಹಲ್ಲು ನೋಯ್ತಾ ಇದೆ. ಎಲ್ಲಿ ಅಂತ ಡಾಕ್ಟರಿಗೆ ಹೇಳೋರು ಬೇಕಲ್ಲ?"