ಒಂದು ತೋಳು ಬಾಕಿ

ರಜೆ ಹಾಕಿದ ವಿಷಯವನ್ನು ನೀಲಾಂಬಿಕ ಯಾರಿಗೂ ಹೇಳಬಾರದಿತ್ತು. ಮನೆಯಲ್ಲಿ ಗಂಡನನ್ನು ಬಿಟ್ಟರೆ ಹೇಳಿದ್ದು ಒಬ್ಬರಿಗೇ, ಬೆಳಿಗ್ಗೆ ಹಾಲು ತರುವಾಗ ಎದುರಾದ ಪಕ್ಕದ ಮನೆಯ ರಾಜೇಶ್ವರಮ್ಮನಿಗೆ. ಆದರೆ ಶಿಕಾರಿಪುರದ ಆ ಓಣಿಯಲ್ಲಿ ರಾಜೇಶ್ವರಮ್ಮನಿಗೆ ಹೇಳುವುದೂ ಒಂದೇ, ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಿಸುವುದೂ ಒಂದೇ.

ರಜೆ ಯಾಕಂತೀರಿ? ಮದುವೆಗಲ್ಲ, ಆಸ್ಪತ್ರೆಗಲ್ಲ. ಒಂದು ತೋಳಿಗೆ! ಮೂರು ವರ್ಷದ ಹಿಂದೆ ಶಿವಮೊಗ್ಗದಿಂದ ಕುಂಕುಮ ಬಣ್ಣದ ಉಲ್ಲನ್ ತಂದು, ತನಗೇ ಅಂತ ಒಂದು ಸ್ವೆಟರ್ ಶುರು ಮಾಡಿದ್ದಳು. ಬೆನ್ನು ಆಗಿತ್ತು, ಎದೆ ಆಗಿತ್ತು, ಬಲಗೈ ಆಗಿತ್ತು. ಎಡಗೈ ಒಂದು ಬಾಕಿ. ಉಳಿದಿದ್ದ ಕೊನೆಯ ಉಂಡೆ ಆ ತೋಳಿಗೆ ಸರಿಯಾಗಿ ಸಾಕಾಗುವಷ್ಟೇ ಇತ್ತು. ಅಂಗಡಿಯವನು ಆ ಬಣ್ಣ ಇನ್ನು ಬರುವುದಿಲ್ಲ ಅಂತ ಕೈ ಆಡಿಸಿಬಿಟ್ಟಿದ್ದ.

ಮೂರು ವರ್ಷ ಯಾಕೆ ಹಿಡಿಯಿತು ಅಂದರೆ ಓಣಿಯವರನ್ನು ಕೇಳಬೇಕು. ಶಾಲೆಯ ಗುಮಾಸ್ತೆ ಕೆಲಸ ಮುಗಿಸಿ ಬಂದು ಇಪ್ಪತ್ತು ವರ್ಷದಿಂದ ಅವರಿಗೇ ಹೆಣೆದಿದ್ದಾಳೆ. ಹುಟ್ಟಿದ ಮಕ್ಕಳಿಗೆಲ್ಲ ಕುಲಾವಿ, ಬಾಗಿಲಿಗೆ ತೋರಣ, ಟಿವಿಗೆ ಹೊದಿಕೆ. ರಾಜೇಶ್ವರಮ್ಮನಿಗಂತೂ ಒಂಬತ್ತು ವರ್ಷದ ಹಿಂದೆ ಎರಡು ತಿಂಗಳು ಕೂತು ನೀಲಿ ಸ್ವೆಟರನ್ನೇ ಹೆಣೆದು, ಪೊಟ್ಟಣ ಕಟ್ಟಿ ಕೊಟ್ಟಿದ್ದಳು. ಆಕೆ ಅದನ್ನು ತೊಟ್ಟಿದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಮೊದಮೊದಲು ಕೇಳಿದರೆ "ಜೋಪಾನವಾಗಿ ಇಟ್ಟೀನಿ ಕಣೆ" ಅನ್ನುತ್ತಿದ್ದರು, ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ನೀಲಾಂಬಿಕ ಮಾತ್ರ ಪುಷ್ಯದ ಚಳಿಯಲ್ಲಿ ಮೊಣಕೈ ಹರಿದ ಸ್ವೆಟರ್ ತೊಟ್ಟು ಶಾಲೆಗೆ ಹೋಗುತ್ತಿದ್ದಳು. "ಅಯ್ಯೋ, ನಿಂಗೊಂದು ಹೆಣ್ಕೋಬಾರ್ದೇನೆ?" ಅಂತ ಮರುಗಿದವರೇ, ಮರುಗಿ ಮುಗಿದ ಮೇಲೆ ತಮ್ಮದೊಂದು ಕೆಲಸ ಕೊಟ್ಟು ಹೋಗುತ್ತಿದ್ದರು. ನಾಚಿಕೆ ಬೇಡವೇ?

ಆ ಶನಿವಾರ ಅವಳು ಕಡ್ಡಿ ಹಿಡಿದು ಕೂತು ಐದು ನಿಮಿಷ ಆಗಿರಲಿಲ್ಲ, ರಾಜೇಶ್ವರಮ್ಮ ತೋರಣ ಹಿಡಿದು ಬಂದರು.

"ನೀಲಾ, ಇದರ ಮಣಿಯೆಲ್ಲ ಉದುರ್ಯಾವೆ ನೋಡು. ಹೆಂಗೂ ಖಾಲಿ ಕುಂತೀಯಲ್ಲ."

"ಖಾಲಿ ಇಲ್ಲ ರಾಜಕ್ಕ, ನನ್ನ ಸ್ವೆಟರ್ ಮುಗಿಸ್ತಿದೀನಿ."

"ಅದೇ ಅಂದೆ, ನಿನ್ನದೇ ತಾನೆ? ಅವಸರ ಏನೈತೆ?"

ಅವರು ಹೊಸಿಲು ದಾಟುವಷ್ಟರಲ್ಲಿ ಹಿಂದಿನ ಮನೆಯ ಮಲ್ಲೇಶಪ್ಪನವರು ಮಂಕಿ ಟೋಪಿ ಹಿಡಿದು ನಿಂತಿದ್ದರು. "ಗೊಂಡೆ ಬಿದ್ದೋಯ್ತು ಕಣಮ್ಮ. ಗೊಂಡೆ ಇಲ್ದೆ ವಾಕಿಂಗ್ ಹೋದ್ರೆ ಏನೋ ಬೋಳು ಬೋಳು ಅನ್ಸ್ತದೆ." ಅಷ್ಟರಲ್ಲಿ ಗಂಡ ಸಂಗಮೇಶನ ಫೋನು: "ರಜೆ ಹಾಕೀಯಲ್ಲ, ಗೀಸರ್ ರಿಪೇರಿಯವನು ಬರ್ತಾನೆ. ಯಾವಾಗ ಅಂತ ಗೊತ್ತಿಲ್ಲ, ಕಾಯ್ತಿರು."

ನೀಲಾಂಬಿಕಳ ತಲೆ ಕೆಟ್ಟುಹೋಯಿತು. ಒಬ್ಬ ಹೆಂಗಸು ಒಂದು ದಿನ ಕೂತು ಹೆಣೆಯುವುದಕ್ಕೆ ಈ ಊರಲ್ಲಿ ಜಾಗವಿಲ್ಲವೇ? ಆಗ ಹೊಳೆಯಿತು. ಜಾಗ ಇದೆ. ಸರ್ಕಾರಿ ಬಸ್ಸು! ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಪುಕ್ಕಟೆ. ಕಾಫಿ ಕೇಳುವವರಿಲ್ಲ, ಕದ ತಟ್ಟುವವರಿಲ್ಲ. ಸೊರಬಕ್ಕೆ ಹೋಗಿ ವಾಪಸ್ ಬಂದರೆ ತೋಳು ಮುಗಿದಿರುತ್ತದೆ. ಬ್ಯಾಗಿಗೆ ಉಲ್ಲನ್ ತುರುಕಿ, ಬಾಗಿಲಿಗೆ ಬೀಗ ಜಡಿದು, ಓಣಿಯ ಹಿಂಬದಿಯಿಂದ ಕಳ್ಳಿಯ ಹಾಗೆ ಬಸ್ ಸ್ಟ್ಯಾಂಡಿಗೆ ನಡೆದಳು.

"ಸೊರಬದಲ್ಲಿ ಏನಮ್ಮ ಕೆಲಸ?" ಎಂದ ಕಂಡಕ್ಟರ್ ಯತೀಶ, ಟಿಕೆಟ್ ಹರಿದು ಕೊಡುತ್ತಾ.

"ಏನೂ ಇಲ್ಲ."

ಅವನು ಕಾರ್ಡನ್ನೂ ಅವಳನ್ನೂ ಇನ್ನೊಂದು ಸಲ ನೋಡಿ ಮುಂದೆ ಹೋದ.

ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅರ್ಧ ಗಂಟೆಯಲ್ಲಿ ಮಣಿಕಟ್ಟಿನ ಪಟ್ಟಿ ಮುಗಿದು ತೋಳು ಮೇಲೇರತೊಡಗಿತು. ಮುಂದಿನ ಸೀಟಿನ ಗುಡ್ಡಮ್ಮ ಎಂಬ ಮುದುಕಿ ಕಾಲ ಬಳಿ ಬಿದಿರ ಬುಟ್ಟಿಯಲ್ಲಿ ಒಂದು ಕೋಳಿ ಇಟ್ಟುಕೊಂಡಿದ್ದಳು. ನೀಲಾಂಬಿಕಳ ಕಣ್ಣು ಆ ಬುಟ್ಟಿಯ ಮೇಲೆ ನಿಂತಿತು. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ, ಮುಂದಿನ ಸಾಲಿಗೆ ಅದಲುಬದಲು. ಅರೆ, ಎರಡು ಸೀದಾ ಎರಡು ಉಲ್ಟಾ ಹಾಕುತ್ತ ಹೋದರೆ ಇದೇ ಬರುತ್ತದಲ್ಲ! ಎಷ್ಟು ವರ್ಷವಾಗಿತ್ತು, ತನ್ನ ತಲೆಗೇ ಹೊಳೆದ ಒಂದು ಡಿಸೈನ್ ಹಾಕಿ! ಯಾರದೋ ಅಳತೆ, ಯಾರದೋ ಇಷ್ಟ, ಯಾರದೋ ಬಣ್ಣ ಅಂತಲೇ ಕೈ ಸವೆದಿತ್ತು. ಅವಳು ಬುಟ್ಟಿ ನೋಡುತ್ತಾ ಬಾಯಲ್ಲಿ ಎಣಿಸುತ್ತಾ ಭರಭರ ಹೆಣೆದಳು. ತೋಳಿನ ಮೇಲೆ ಬುಟ್ಟಿಯ ಹೆಣಿಗೆ ಎದ್ದು ಬಂತು. ಖುಷಿಗೆ ಒಬ್ಬಳೇ ನಕ್ಕಳು.

ಗುಡ್ಡಮ್ಮ ತಿರುಗಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. "ಆಗ್ಲಿಂದ ನನ್ ಕೋಳಿನೇ ನೋಡ್ತಾ ಲೆಕ್ಕ ಹಾಕ್ತೀಯಲ್ಲ ತಂಗಿ. ಇದು ಮಾರಾಕಲ್ಲ."

"ಕೋಳಿ ಅಲ್ಲಜ್ಜಿ, ಬುಟ್ಟಿ ನೋಡ್ತಿದ್ದೆ. ಸ್ವೆಟರಿಗೆ."

"ಯಾರಿಗೆ, ಮೊಮ್ಮಗೂಗಾ?"

"ನನಗೆ!"

"ನಿಂಗಾ? ಈ ವಯಸ್ಸಲ್ಲಿ ಇಷ್ಟ್ ಕೆಂಪಾ?" ಎಂದು ಗುಡ್ಡಮ್ಮ ಇಡೀ ಬಸ್ಸಿಗೆ ಕೇಳುವಂತೆ ಆಶ್ಚರ್ಯಪಟ್ಟಳು.

ಅವಮಾನಕ್ಕೆ ನೀಲಾಂಬಿಕ ಮುಖವನ್ನು ಕಿಟಕಿಗೆ ತಿರುಗಿಸಿ ಕೂತಳು. ಮಡಿಲಿಂದ ಉಂಡೆ ಜಾರಿ ಉರುಳಿ ಹೋಗಿದ್ದು ಅವಳಿಗೆ ಕಾಣಲಿಲ್ಲ. ಕೋಳಿಗೆ ಕಂಡಿತು. ಅದು ಬುಟ್ಟಿಯ ಸಂದಿಯಿಂದ ಕಾಲು ಹಾಕಿ ಕೆದರಿ, ನೂಲನ್ನು ಕಾಲಿಗೆ ಗಂಟು ಹಾಕಿಕೊಂಡು, ಉಂಡೆಯನ್ನು ಬುಟ್ಟಿಗೆ ಸಿಕ್ಕಿಸಿಕೊಂಡಿತು. ಯಾವುದೋ ಕ್ರಾಸಿನಲ್ಲಿ ಗುಡ್ಡಮ್ಮ ಬುಟ್ಟಿ ಎತ್ತಿಕೊಂಡು ಇಳಿದಳು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.

ಕಡ್ಡಿಗಳು ಕೈಯಿಂದ ಠಣ್ಣನೆ ಹಾರಿದವು. ತೋಳು ಅವಳ ಕಣ್ಣೆದುರೇ ಸರ್ರನೆ ಬಿಚ್ಚಿಕೊಳ್ಳತೊಡಗಿತು.

"ಹೋಲ್ಡಾನ್! ಹೋಲ್ಡಾನ್! ನನ್ನ ತೋಳು ಹೋಯ್ತು!"

ಇಡೀ ಬಸ್ಸು ಎದ್ದು ನಿಂತಿತು. "ಯಾರದೋ ಕೈ ಬಾಗಿಲಿಗೆ ಸಿಕ್ಕಿದೆ!" ಅಂತ ಹಿಂದಿನಿಂದ ಒಬ್ಬರು ಕಿರುಚಿದರು. ಯತೀಶ ಗಾಬರಿಯಿಂದ ಸೀಟಿ ಊದಿ ಓಡಿಬಂದ. ಬಸ್ಸು ನಿಲ್ಲುವಷ್ಟರಲ್ಲಿ ಎಳೆ ಎಲ್ಲೋ ತುಂಡಾಗಿತ್ತು. ಅವಳ ಕೈಯಲ್ಲಿ ಪಟ್ಟಿಯ ನಾಲ್ಕು ಸಾಲು ಉಳಿದಿದ್ದವು. ಗುಡ್ಡಮ್ಮ ಎತ್ತ ಹೋದಳೋ, ರಸ್ತೆಯಲ್ಲಿ ಕಾಣಲಿಲ್ಲ.

"ಏನಮ್ಮ, ಎರಡೂ ಕೈ ನೆಟ್ಟಗಿವೆಯಲ್ಲ! ಒಂದು ದಾರಕ್ಕೆ ಬಸ್ ನಿಲ್ಲಿಸೋದಾ?" ಎಂದು ಯತೀಶ ರೇಗಿದ. "ಪುಕ್ಕಟೆ ಬಸ್ಸಂದ್ರೆ ಹಿಂಗೇ" ಎಂದರು ಇನ್ಯಾರೋ. ಮೂರು ವರ್ಷದ ಸ್ವೆಟರ್ ಅಂತ ಯಾರಿಗೆ ಹೇಳುವುದು? ಅವಳು ಹಲ್ಲು ಕಚ್ಚಿಕೊಂಡು ಕೂತಳು.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗ "ನೀಲಕ್ಕಾ!" ಅಂತ ಯಾರೋ ಕೂಗಿದರು. ಅಶ್ವಿನಿ! ರಾಜೇಶ್ವರಮ್ಮನ ಅಣ್ಣನ ಮಗಳು. ಓದುವಾಗ ಅತ್ತೆಯ ಮನೆಯಲ್ಲಿದ್ದವಳು, ಎಂಟು ವರ್ಷದ ಹಿಂದೆ ಮದುವೆಯಾಗಿ ಸೊರಬ ಸೇರಿದ್ದಳು.

"ಸೊರಬದ ತನಕ ಬಂದು ಮನೆಗೆ ಬರದೇ ಹೋಗ್ತೀರಾ ಮಾರಾಯ್ರೆ?" ಎಂದು ಎಳೆದುಕೊಂಡೇ ಹೋದಳು. ಊಟ ಹಾಕಿದಳು. ಹೊರಡುವಾಗ ಕುಂಕುಮ ಕೊಟ್ಟು, "ತಡೀರಿ, ಬರೀ ಕುಂಕುಮ ಕೊಟ್ಟು ಕಳಿಸೋದಾ?" ಅಂತ ಒಳಗೆ ಹೋಗಿ ಬೀರು ತಡಕಾಡಿ, ಬಟ್ಟೆ ಅಂಗಡಿಯ ಒಂದು ಕವರ್ ತಂದು ಕೈಗಿಟ್ಟಳು. "ಹರಿದ ಸ್ವೆಟರ್ ಹಾಕ್ಕೊಂಡೀರಿ, ನೋಡಾಕಾಗ್ಲಿಲ್ಲ. ಬೇಡ ಅನ್ಬಾರ್ದು."

ವಾಪಸ್ ಬಸ್ಸಿನಲ್ಲಿ ನೀಲಾಂಬಿಕ ಕವರ್ ತೆಗೆದಳು. ನೀಲಿ ಸ್ವೆಟರ್. ಅದೂ ಕೈಯಲ್ಲಿ ಹೆಣೆದದ್ದು! ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಅಂತ ಒಬ್ಬರು ಒಂದು ಸ್ವೆಟರ್ ಕೊಟ್ಟಿದ್ದರು. ಅವಳಿಗೆ ಅಳು ಬಂತು. ಅಳುತ್ತಲೇ ಹರಿದದ್ದನ್ನು ತೆಗೆದು ಇದನ್ನು ತೊಟ್ಟಳು. ಒಳಗೆ ಇನ್ನೊಬ್ಬರು ಹಿಡಿಸುವಷ್ಟು ದೊಡ್ಡದಾಗಿತ್ತು. ತೋಳು ಮಡಚೋಣ ಅಂತ ಎಡಗೈ ಪಟ್ಟಿಗೆ ಬೆರಳು ಹಾಕಿದಾಗ ಅಲ್ಲೇನೋ ಒಡ್ಡು ಸಿಕ್ಕಿತು.

ಒಂದು ಸಾಲು ಉಲ್ಟಾ ಬಿದ್ದಿತ್ತು.

ಆ ಸಾಲು ಅವಳಿಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದ ಹಿಂದೆ ಆ ಪಟ್ಟಿ ಶುರು ಮಾಡುವಾಗ ರಾಜೇಶ್ವರಮ್ಮ ಬಂದು ಒಂದು ಗಂಟೆ ಹರಟಿದ್ದರಿಂದಲೇ ಬಿದ್ದ ತಪ್ಪು. ತೋಳು ಮುಗಿದ ಮೇಲೆ ಕಂಡಿತ್ತು, ಸರಿ ಮಾಡಲು ಇಡೀ ತೋಳು ಬಿಚ್ಚಬೇಕಲ್ಲ ಅಂತ ಬಿಟ್ಟಿದ್ದಳು. ಜೋಪಾನವಾಗಿ ಇಟ್ಟೀನಿ ಅಂದರಲ್ಲ! ಪೊಟ್ಟಣ ಬಿಚ್ಚಿಯೂ ನೋಡದೆ ಅಣ್ಣನ ಮಗಳ ಮದುವೆಗೆ ಮುಯ್ಯಿ ಮಾಡಿ ಕೈ ತೊಳೆದುಕೊಂಡಿದ್ದಾರೆ. ಅಶ್ವಿನಿಗೆ ದೊಡ್ಡದಾಯಿತು, ಬೀರು ಸೇರಿತು. ನೀಲಾಂಬಿಕಳ ಮೈ ಉರಿಯಿತು. ಶಿಕಾರಿಪುರ ಬರುವವರೆಗೂ ರಾಜೇಶ್ವರಮ್ಮನಿಗೆ ಏನೇನು ಅನ್ನಬೇಕು ಅಂತ ಸಾಲು ಸಾಲಾಗಿ ಜೋಡಿಸಿಕೊಂಡಳು.

ರಾಜೇಶ್ವರಮ್ಮ ಗೇಟಿನಲ್ಲೇ ಇದ್ದರು. "ಎಲ್ಲಿಗೆ ಹೋಗಿದ್ಯೇ? ಗೀಸರಿನವನು ಬಂದು ಬೈದು ಹೋದ. ಅರೇ, ಸ್ವೆಟರ್ ಎಷ್ಟ್ ಚಂದ ಐತೆ!"

"ಗುರುತು ಸಿಗ್ಲಿಲ್ವಾ ರಾಜಕ್ಕ?"

"ನಂಗೆಲ್ಲಿ ಸಿಗ್ಬೇಕು? ತೆಗಿ ತೆಗಿ, ಒಂಚೂರು ಹಾಕ್ಕೊಂಡು ನೋಡ್ತೀನಿ."

ಬೈಗುಳದ ಮೊದಲ ಸಾಲು ಅವಳ ನಾಲಗೆಗೆ ಬರುವ ಮೊದಲೇ ಸ್ವೆಟರ್ ರಾಜೇಶ್ವರಮ್ಮನ ಮೈಮೇಲಿತ್ತು. ಎಲ್ಲೂ ಒಂದು ನೆರಿಗೆ ಇಲ್ಲ.

"ನೋಡೇ, ನನ್ನ ಅಳತೆ ತಗೊಂಡೇ ಮಾಡ್ದಂಗೈತೆ! ನಿಂಗೆ ದೊಗಳೆ ಆಗ್ತದೆ, ನಂಗೇ ಇರ್ಲಿ ಬಿಡು. ಅಲ್ಲ, ಊರಿಗೆಲ್ಲ ಹೆಣೆದು ಕೊಡ್ತೀಯ, ನಂಗೊಂದು ಕೊಟ್ಟೀಯೇನೆ ಇಲ್ಲೀತನಕ?" ಅಷ್ಟರಲ್ಲಿ ಅವರ ಬೆರಳು ಎಡಗೈ ಪಟ್ಟಿಯ ಮೇಲೆ ನಿಂತಿತು. "ಥೂ, ಇಲ್ಲೊಂದು ಸಾಲು ಉಲ್ಟಾ ಹಾಕ್ಯಾರಲ್ಲೇ! ಯಾರು ಹೆಣೆದಿದ್ದೋ, ಕೈಯಾಗೆ ಕಸುಬಿಲ್ಲ. ನೀನಾಗಿದ್ರೆ ಹಿಂಗೆ ಬಿಡ್ತಿದ್ದೇನು?"

ನೀಲಾಂಬಿಕ ಬ್ಯಾಗಿನಿಂದ ತನ್ನ ಹರಿದ ಸ್ವೆಟರ್ ತೆಗೆದು ತೊಟ್ಟಳು.

"ನಾಳೆ ಭಾನುವಾರ, ಹೆಂಗೂ ಖಾಲಿ ಕುಂತಿರ್ತೀಯ" ಎಂದರು ರಾಜೇಶ್ವರಮ್ಮ, ಸ್ವೆಟರನ್ನು ಬಿಚ್ಚಿ ಅವಳ ಕೈಗೇ ವಾಪಸ್ ಇಡುತ್ತಾ. "ಜಾಸ್ತಿ ಏನಿಲ್ಲ, ಈ ಎಡಗೈ ಒಂದನ್ನ ಪೂರ್ತಿ ಬಿಚ್ಚಿ ಹೆಣೆದು ಕೊಟ್ಬಿಡು."