ಅಕ್ಕನ ಕೋಣೆಗೆ ತಂದ ಎಚ್‌ಡಿ ಟಿವಿ

ಮನೆಯವರಿಗೆಂದು ನಾವು ಏನಾದರೂ ದೊಡ್ಡ ಸಾಮಾನು ತಂದರೆ, ಅದರ ಹಿಂದೆ ನಮ್ಮದೇ ಒಂದು ಸಣ್ಣ ಅನುಕೂಲ ಅಡಗಿ ಕೂತಿರುತ್ತದೆ. ಊರಿನವರ ಮಾತು ನನಗೆ ಗೊತ್ತಿಲ್ಲ. ಐದನೇ ತರಗತಿಗೆ ಶಾಲೆ ಬಿಟ್ಟ ನಾನು ಎಲ್ಲರ ಬಗ್ಗೆ ತೀರ್ಪು ಕೊಡಬಾರದು. ನನ್ನದಷ್ಟೇ ಹೇಳುತ್ತೇನೆ. ನಮ್ಮಕ್ಕ ಮಲಗುವ ಕೋಣೆಗೆ ನಾನೊಂದು ಹೊಸ ಟಿವಿ ತಂದೆ. ಜಹೀರಾಬಾದಿನ ನಮ್ಮ ಗಲ್ಲಿಯವರೆಲ್ಲ ‘ತಮ್ಮ ಅಂದ್ರ ಹಿಂಗ ಇರಬೇಕು ನೋಡ್ರಿ’ ಅಂದರು. ನಾನು ತಲೆ ತಗ್ಗಿಸಿ ನಕ್ಕೆ. ಆ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ, ತಲೆ ತಗ್ಗಿಸಿದ್ದು.

ಅಕ್ಕ ಮಾಣಿಕಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೂ ಮೊಗುಡಂಪಲ್ಲಿ ಕಡೆಯ ಹಳ್ಳಿಯಲ್ಲಿ ಕುರಿ ಮೇಯಿಸಿಕೊಂಡು ಒಬ್ಬಳೇ ಇದ್ದಳು. ಮೊಣಕಾಲು ಸೋತಾಗ ಕುರಿಗಳನ್ನು ಮಾರಿ ನಮ್ಮ ಮನೆಗೆ ಬಂದಳು. ಅವಳಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ, ಒಂದು ಬಿಟ್ಟು. ಸಂಜೆ ಪಡಸಾಲೆಯಲ್ಲಿ ಟಿವಿ ಹಚ್ಚಿದರೆ ಸಾಕು, ಬಂದು ಅದಕ್ಕೆ ಒಂದು ಮೊಳ ದೂರದಲ್ಲಿ ಕೂತುಬಿಡುತ್ತಿದ್ದಳು. ನಾನು ಕ್ರಿಕೆಟ್ ನೋಡುತ್ತಿದ್ದರೆ ಅವಳ ತುರುಬಿನ ಎಡಕ್ಕೆ ಬೌಲರ್ ಓಡಿ ಬರುತ್ತಿದ್ದ, ಬಲಕ್ಕೆ ಬ್ಯಾಟು ಏಳುತ್ತಿತ್ತು, ಮುಖ್ಯವಾದದ್ದೆಲ್ಲ ತುರುಬಿನೊಳಗೇ ನಡೆದುಹೋಗುತ್ತಿತ್ತು. ‘ಅಕ್ಕಾ, ಜರಾ ಹಿಂದ ಸರಿ’ ಅಂದರೆ ಸರಿಯುತ್ತಿದ್ದಳು. ಐದು ನಿಮಿಷಕ್ಕೆ ಮತ್ತೆ ಅಲ್ಲೇ. ಒಮ್ಮೆ ರೇಗಿ ‘ಟಿವಿ ಒಳಗ ಹೋಗಿ ಕುಂದ್ರತಿ ಏನು?’ ಅಂದೆ. ‘ಜಾಗಾ ಇದ್ರ ಕುಂದ್ರತಿದ್ದೆ ಬಿಡೋ’ ಅಂದಳು. ಎಲ್ಲರೂ ನಕ್ಕೆವು. ನಗುವ ಮಾತು ಅಲ್ಲವೆಂದು ಒಬ್ಬರಿಗೂ ಹೊಳೆಯಲಿಲ್ಲ.

‘ಅವರಿಗೊಂದು ಬ್ಯಾರೆ ತಂದ್ಕೊಡ್ರಿ, ಎಲ್ಲರೂ ಆರಾಮ ಇರತೇವು’ ಎಂದು ಹೆಂಡತಿ ದಾರಿ ತೋರಿಸಿದಳು. ನಾರಾಯಣಖೇಡದಲ್ಲಿ ಅಗ್ಗವೆಂದು ಒಬ್ಬ ಹೇಳಿದ, ತಾಂಡೂರಿನಲ್ಲಿ ಇನ್ನೂ ಅಗ್ಗವೆಂದು ಮತ್ತೊಬ್ಬ. ಅಷ್ಟು ದೂರದಿಂದ ಗಾಜಿನ ಸಾಮಾನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವ ಧೈರ್ಯ ನನಗಿರಲಿಲ್ಲ. ನಮ್ಮೂರಿನ ಅಂಗಡಿಗೇ ಹೋಗಿ, ‘ಎಲ್ಲಾಕಿಂತ ಕಮ್ಮಿ ರೇಟಿಂದು ತೋರಸ್ರಿ, ಆದ್ರ ಎಚ್‌ಡಿ ಇರಬೇಕು’ ಅಂದೆ. ಎಚ್‌ಡಿ ಎಂಬುದು ನನ್ನ ಮನಸ್ಸಾಕ್ಷಿಗೆ ಕೊಟ್ಟ ಲಂಚ. ಅಂಗಡಿಯವನು ಒಂದು ಗಿಳಿಯ ಚಿತ್ರ ಹಚ್ಚಿದ. ‘ನೋಡ್ರಿ ಕಾಕಾ, ರೆಕ್ಕಿ ಮ್ಯಾಲಿನ ಒಂದೊಂದು ಎಳಿ ಕಾಣತದ!’ ನಿಜವಾಗಿಯೂ ಕಾಣುತ್ತಿತ್ತು. ಮನೆಗೆ ತಂದ ಮೇಲೆ ಆ ಗಿಳಿ ಯಾವ ಚಾನೆಲ್ಲಿನಲ್ಲೂ ಸಿಗಲಿಲ್ಲ, ಅದು ಬೇರೆ ಮಾತು.

ಗೋಡೆಗೆ ಕೂರಿಸಲು ಬಂದವನು, ‘ಪಲಂಗದಿಂದ ದೂರ, ಎತ್ತರಕ್ಕ ಹಾಕಿಸ್ರಿ. ಸಮೀಪ ಕುಂತು ನೋಡಿದ್ರ ಕಣ್ಣು ಖರಾಬ್ ಆಗತಾವ’ ಅಂದ. ನಾನು ಇನ್ನೂ ಒಂದು ಗೇಣು ಮೇಲಕ್ಕೇ ಏರಿಸಿದೆ. ಅಕ್ಕನ ಕಣ್ಣಿನ ಬಗ್ಗೆ ನಾನು ಕಾಳಜಿ ಮಾಡಿದ್ದು ಆವತ್ತೊಂದೇ ದಿನ. ‘ಛಂದ ಕಾಣತದೇನಕ್ಕಾ?’ ಅಂತ ಕೇಳಿದೆ. ‘ಭಾಳ ಛಂದ ಅದೋ ತಮ್ಮಾ. ಇಷ್ಟೆಲ್ಲಾ ಯಾಕ ಮಾಡಾಕ ಹೋದಿ?’ ಅಂದಳು. ಹಾಗೆನ್ನುವಾಗ ಅವಳ ಮುಖ ಟಿವಿಯ ಪಕ್ಕದ ಕ್ಯಾಲೆಂಡರಿನ ಕಡೆಗಿತ್ತು. ನನ್ನ ಉಪಕಾರದಿಂದ ಸಂಕೋಚವಾಗಿದೆ ಅಂದುಕೊಂಡೆ.

ಅಂದಿನಿಂದ ಪಡಸಾಲೆ ನನ್ನದಾಯಿತು. ಒಳಗಿನಿಂದ ಧಾರಾವಾಹಿಯ ಅತ್ತೆ ಸೊಸೆಯರ ಜಗಳ ಕೇಳುತ್ತಿತ್ತು. ಸಪ್ಪಳ ಬರುತ್ತಿದೆ ಎಂದರೆ ಅಕ್ಕ ಸುಖವಾಗಿದ್ದಾಳೆ ಎಂದು ನಮ್ಮ ಲೆಕ್ಕ. ಬಾಗಿಲ ಮುಂದೆ ನಾನು ಹಾದುಹೋದರೆ, ತಿರುಗಿಯೂ ನೋಡದೆ ‘ನಾಗಪ್ಪಾ, ಬಂದ್ಯಾ?’ ಅನ್ನುತ್ತಿದ್ದಳು. ಎಷ್ಟು ಪ್ರೀತಿ ಎಂದು ನನಗೆ ಹೆಮ್ಮೆ. ಕತ್ತಲ ಹಟ್ಟಿಯಲ್ಲಿ ಕೆಮ್ಮಿದ್ದು ಯಾವ ಕುರಿ ಎಂದು ಹೇಳುತ್ತಿದ್ದವಳಿಗೆ ನನ್ನ ಚಪ್ಪಲಿಯ ಸದ್ದು ಯಾವ ದೊಡ್ಡ ಮಾತು? ಇದನ್ನು ನಾನು ಯೋಚಿಸಬೇಕಿತ್ತು. ಆದರೆ ಪಡಸಾಲೆಯಲ್ಲಿ ಕ್ರಿಕೆಟ್ ನಡೆದಿತ್ತು.

ಒಂದು ಭಾನುವಾರ ಮಧ್ಯಾಹ್ನ ಕೊಡೆ ಹುಡುಕುತ್ತ ಆ ಕೋಣೆಗೆ ಹೋದೆ. ಅಕ್ಕ ಪಲಂಗದ ಅಂಚಿನಲ್ಲಿ ಕೂತು ಗೋಡೆಯತ್ತ ಮುಖವೆತ್ತಿ ನಗುತ್ತಿದ್ದಳು. ಟಿವಿ ಮಾತಾಡುತ್ತಿತ್ತು. ಪರದೆ ಮಾತ್ರ ಹಂಚಿನ ತಳದಂತೆ ಕಪ್ಪಗಿತ್ತು.

‘ಏನ್ ನೋಡಾಕತ್ತೀಯಕ್ಕಾ?’

‘ಈ ಅತ್ತಿ ಮಾರಿ ನೋಡೋ, ಹೆಂಗ ಮಾಡ್ಯಾಳ!’

‘ಅಕ್ಕಾ, ಯಾವಾಗಿಂದ ಹಿಂಗ ಅದ?’

‘ಹೆಂಗ?’ ಅಂದಳು. ನಗು ನಿಂತಿತು. ಕೈ ಹಾಸಿಗೆಯ ಮೇಲೆ ರಿಮೋಟು ತಡಕಾಡಿತು. ‘ಕರೆಂಟ್ ಹೋಗ್ಯಾದೇನು?’

‘ಸಪ್ಪಳ ಬರಾಕತ್ತದಲ್ಲಕ್ಕಾ.’

‘ಹೌದಲ್ಲಾ’ ಅಂದಳು. ಆಮೇಲೆ ತಪ್ಪು ಮಾಡಿದವಳ ಹಾಗೆ, ‘ಬೈಬ್ಯಾಡೋ ತಮ್ಮಾ. ನೀ ಅಷ್ಟು ಆಸೀಲೆ ತಂದಿದ್ದಿ, ಕಾಣವಲ್ದು ಅಂತ ಹೆಂಗ ಹೇಳಲಿ?’

ಎಷ್ಟು ದಿನದಿಂದ ಪರದೆ ಕಪ್ಪಾಗಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಿಪೇರಿಯವನು ಬಂದು ಟಾರ್ಚು ಬಿಟ್ಟು ತೋರಿಸಿದ. ಕಪ್ಪಿನೊಳಗೆ ಮನುಷ್ಯರು ನೆರಳಿನಂತೆ ಓಡಾಡುತ್ತಿದ್ದರು. ‘ಚಿತ್ರ ಒಳಗ ಅದಾವ್ರಿ, ಹಿಂದಿನ ಲೈಟ್ ಹೋಗ್ಯಾದ. ಸಸ್ತಾ ಮಾಲಿಂದು ಹಿಂಗೇ’ ಅಂದ. ಎರಡು ದಿನದಲ್ಲಿ ಅದು ಸರಿಹೋಯಿತು.

ಅಕ್ಕನನ್ನು ಬೀದರಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಎಡಗಣ್ಣಿನ ನರ ಕಣ್ಣೊಳಗಿನ ಒತ್ತಡದಿಂದ ಸತ್ತಿದೆ, ಅದಕ್ಕೆ ಏನೂ ಮಾಡಲಾಗದು ಅಂದರು ಡಾಕ್ಟರು. ಬಲಗಣ್ಣಿನ ಪೊರೆ ತೆಗೆಯಬಹುದು, ಆದರೆ ಅಲ್ಲೂ ಒತ್ತಡ ಇದೆ, ಎಷ್ಟು ಉಳಿಯುತ್ತದೋ ನೋಡಬೇಕು. ‘ಇವರು ಟಿವಿ ಹತ್ತಿರ ಕೂತು ನೋಡ್ತಿದ್ರಾ?’ ಎಂದು ನನ್ನನ್ನು ಕೇಳಿದರು. ಹೌದೆಂದೆ. ‘ಮತ್ತೆ ನೀವೇನು ಮಾಡಿದ್ರಿ?’

ನನಗಿಂತ ಮೊದಲು ಅಕ್ಕ ಹೇಳಿದಳು. ‘ನನಗಂತ್ಲೇ ಬ್ಯಾರೆ ಟಿವಿ ತಂದಾನ್ರಿ ಸಾಹೇಬ್ರ. ಎಚ್‌ಡಿ.’

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈ ಕಾಯಿಲೆ ಒಡಹುಟ್ಟಿದವರಿಗೂ ಬರುತ್ತದೆ, ನೀವೂ ತೋರಿಸಿಕೊಂಡು ಹೋಗಿ, ಅಂದರು ಅಷ್ಟೇ.

ನಾಲ್ಕೂ ದಿಕ್ಕಿಗೆ ಬಾಯಿ ತೆರೆದ ಗುರುತುಗಳ, ಕಣ್ಣು ಪರೀಕ್ಷಿಸುವ ಒಂದು ಹಲಗೆ ಗೋಡೆಗಿತ್ತು. ಓದು ಬಾರದವರಿಗಾಗಿ ಮಾಡಿದ್ದಂತೆ. ಅದು ನನಗೆ ಅನುಕೂಲವೇ ಆಯಿತು. ನರ್ಸಮ್ಮ ಕೋಲಿಟ್ಟ ಕಡೆಯೆಲ್ಲ ಬೆರಳಿನಿಂದ ದಿಕ್ಕು ತೋರಿಸಿದೆ. ಇರುವೆಯಷ್ಟು ಸಣ್ಣದಿದ್ದ ಕೊನೆಯ ಸಾಲಿನಲ್ಲೂ ಒಂದೂ ತಪ್ಪಲಿಲ್ಲ. ಕಣ್ಣಿನ ಒತ್ತಡವೂ ಸರಿ ಇತ್ತು. ‘ನಿಮಗೇನೂ ಆಗಿಲ್ರಿ, ಎಲ್ಲಾ ಕಾಣತಾವ’ ಎಂದು ಚೀಟಿ ಕೊಟ್ಟು ನರ್ಸಮ್ಮ ಮೆಲ್ಲಗೆ ಬೇರೆ ಕೋಣೆಗೆ ಹೋದಳು. ಬೆಂಚಿನ ಮೇಲಿದ್ದ ಅಕ್ಕನಿಗೆ ದವಾಖಾನೆಯ ಗದ್ದಲದಲ್ಲಿ ಅದು ತಿಳಿಯಲಿಲ್ಲ. ನನ್ನ ಮುಖದ ಕಡೆಗೇ ತಿರುಗಿ, ‘ಸಣ್ಣಾಂವ ಇದ್ದಾಗಿಂದ ನಮ್ಮ ತಮ್ಮನ ನೋಟ ಭಾಳ ಚುರುಕ್ರಿ ನರ್ಸಮ್ಮಾ’ ಅಂದಳು. ಎದುರಿಗೆ ಇರುವವನು ನಾನೇ ಎಂದು ಹೇಳುವ ಧೈರ್ಯವಾಗದೆ, ನರ್ಸಮ್ಮನ ಪರವಾಗಿ ದನಿ ಸಣ್ಣಗೆ ಮಾಡಿ ‘ಹ್ಞೂಂ’ ಅಂದೆ.