ಆರನೇ ಕ್ಲಾಸೂ ತಕಲಿಯ ನೂಲೂ

ಮೇಲಿನಿಂದ ಒಂದು ಹೊಸ ಯೋಜನೆ ಬಂತೆಂದರೆ ನಮ್ಮ ಶಾಲೆಯಲ್ಲಿ ಎಂತಾದರೂ ಒಂದು ಫಜೀತಿ ಆಗಲೇಬೇಕು. ಮದ್ರಾಸಿನವರ ಕಾಲದಲ್ಲೂ ಆಗುತ್ತಿತ್ತು, ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆಗುತ್ತಿತ್ತು. ಆದೇಶ ಬರೆಯುವವರು ಬದಲಾದರು, ಸೋರುವ ಮಾಡು ಮಾತ್ರ ಅದೇ ಇತ್ತು.

ಬೆಳ್ತಂಗಡಿಯಿಂದ ನೆರಿಯದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹೊಳೆಯ ಆಚೆ ನಮ್ಮ ಶಾಲೆ. ಹೆಡ್ಮಾಸ್ಟರು ಒಬ್ಬರು, ಟೀಚರು ನಾನೊಬ್ಬಳು. ಹೆಡ್ಮಾಸ್ಟರು ಸಾಧು ಮನುಷ್ಯ, ಇನ್ಸ್‌ಪೆಕ್ಟರು ಎಂಬ ಶಬ್ದ ಕೇಳಿದರೇ ಬೆವರುವವರು. ನನ್ನ ಬಾಯಿ ಸ್ವಲ್ಪ ಜೋರು. ಈಗಲೂ ಜೋರೇ, ಯಾರಿಗೆ ಎಂತ ನಷ್ಟ?

ಐದನೆಯವರೆಗೆ ಇದ್ದ ಶಾಲೆಗೆ ಆರನೇ ಕ್ಲಾಸು ಕೊಟ್ಟದ್ದು ಒಂದು ಷರತ್ತಿನ ಮೇಲೆ. ‘ಮೂಲ ಶಿಕ್ಷಣ’ ಎಂಬ ಹೊಸ ಪದ್ಧತಿ ನಡೆಸಬೇಕು. ಮಕ್ಕಳು ತಕಲಿ ತಿರುಗಿಸಿ ಹತ್ತಿಯ ನೂಲು ತೆಗೆಯಬೇಕು, ತೋಟ ಮಾಡಬೇಕು, ಪಾಠವೆಲ್ಲ ಆ ಕೆಲಸದಿಂದಲೇ ಹುಟ್ಟಿ ಬರಬೇಕು. ಇಲ್ಲದಿದ್ದರೆ ಆರನೇ ಕ್ಲಾಸು ವಾಪಸು. ವಾಪಸಾದರೆ ಹುಡುಗರು ಹೇಗೋ ಹೊಳೆ ದಾಟಿ ಬೆಳ್ತಂಗಡಿಗೆ ಹೋದಾರು. ಹುಡುಗಿಯರನ್ನು ಯಾರು ಕಳಿಸ್ತಾರೆ ಮಾರಾಯ್ರೆ? ಮಡಿಲಿಗೆ ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ, ಇಟ್ಟು ಜಗಲಿಯಲ್ಲಿ ಕೂರಿಸ್ತಾರೆ, ಅಷ್ಟೇ. ನನ್ನ ಆರನೇ ಕ್ಲಾಸಿನಲ್ಲಿ ವರ್ಷಕ್ಕೆ ನಾಲ್ಕೈದು ಹುಡುಗಿಯರು ಇರುತ್ತಿದ್ದರು. ಅವರನ್ನು ಬಿಟ್ಟುಕೊಡುವುದಿಲ್ಲ ಎಂದು ನಾನು ಹಠ ಹಿಡಿದಿದ್ದೆ. ಮುಂದೆ ಹೇಳುವುದೆಲ್ಲ ನಗುವ ಸಂಗತಿಗಳೇ, ಆದರೆ ಆ ಹಠ ಮಾತ್ರ ನಗುವಂಥದ್ದಲ್ಲ.

೧. ಗೊಮ್ಮಟನಿಗೆ ನೂಲೆಲ್ಲಿ?

ಮೊದಲು ನಮಗೇ ಪಾಠ ಆಗಬೇಕಲ್ಲ. ಮೂಡಬಿದ್ರೆಯಲ್ಲಿ ತರಬೇತಿ ಇಟ್ಟರು. ಸುತ್ತಲಿನ ಊರುಗಳ ಮಾಸ್ಟ್ರುಗಳೆಲ್ಲ ಚಾಪೆಯ ಮೇಲೆ ಕೂತು ತಕಲಿ ತಿರುಗಿಸಿದ್ದೇ ತಿರುಗಿಸಿದ್ದು. ನೂಲು ತುಂಡಾಗಿ ತಕಲಿ ಟಣ್ಣೆಂದು ಬೀಳುವ ಶಬ್ದ ಬಿಟ್ಟರೆ ಬೇರೆ ಸದ್ದಿಲ್ಲ.

ಕಲಿಸಲಿಕ್ಕೆ ಬಂದವರು ಘಟ್ಟದ ಮೇಲಿನವರು, ಬಹಳ ಉತ್ಸಾಹಿ. “ಎಲ್ಲ ವಿಷಯವನ್ನೂ ತಕಲಿಯ ಮೂಲಕವೇ ಕಲಿಸಬೇಕು. ಎಲ್ಲವನ್ನೂ!” ಎಂದರು.

ಶಿರ್ತಾಡಿ ಕಡೆಯ ಒಬ್ಬ ಮಾಸ್ಟ್ರು ಮೆಲ್ಲನೆ ಕೇಳಿದರು, “ಅಕ್ಬರನನ್ನು ಹೇಗೆ ಸಾರ್?”

“ಸುಲಭ. ಅಕ್ಬರ ಅಂಗಿ ಹಾಕುತ್ತಿದ್ದನೋ ಇಲ್ಲವೋ? ಅಂಗಿ ಬಟ್ಟೆಯದ್ದು, ಬಟ್ಟೆ ನೂಲಿನದ್ದು, ನೂಲು ತಕಲಿಯದ್ದು. ಬಂದನಲ್ಲ ಅಕ್ಬರ!”

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. “ಸಾರ್, ನಮ್ಮ ಪುಸ್ತಕದಲ್ಲಿ ವೇಣೂರಿನ ಗೊಮ್ಮಟನ ಪಾಠ ಉಂಟು. ಅವನ ಮೈಮೇಲೆ ಒಂದೆಳೆ ನೂಲೂ ಇಲ್ಲವಲ್ಲ, ಎಂತ ಮಾಡುವ?”

ಎಲ್ಲರಿಗಿಂತ ಜೋರಾಗಿ ನಕ್ಕವರು ಹಿಂದೆ ಕೂತಿದ್ದ ಜೈನ ಮಾಸ್ಟ್ರು. ಕಲಿಸುವವರು ತಕಲಿ ಕೆಳಗಿಟ್ಟರು. “ಅವನೊಬ್ಬನನ್ನು ಬಾಯಲ್ಲೇ ಹೇಳಿಕೊಡಿ,” ಎಂದರು.

೨. ಕೊಡೆಯೊಳಗಿನ ಬಸಳೆ

ಆಮೇಲೆ ತೋಟ. ನಮ್ಮ ಶಾಲೆ ಇದ್ದದ್ದು ಮುರಕಲ್ಲಿನ ಪದವಿನ ಮೇಲೆ, ಬೋಳು ಗುಡ್ಡದ ಬಯಲಲ್ಲಿ. ಹಾರೆ ಹಾಕಿದರೆ ಕಿಡಿ ಹಾರುವ ನೆಲ. ಅದರಲ್ಲಿ ಕೋಸು ಬೆಳೆಸಬೇಕೆಂದು ಬೀಜದ ಪೊಟ್ಟಣ ಬಂತು. ನಮ್ಮ ಮಕ್ಕಳು ಕೋಸು ನೋಡಿದ್ದು ಚಿತ್ರದಲ್ಲಿ ಮಾತ್ರ.

ಹೆಡ್ಮಾಸ್ಟರಿಗೆ ಹೆದರಿಕೆ. “ಇನ್ಸ್‌ಪೆಕ್ಟರು ಬರುವ ದಿನ ಮಕ್ಕಳು ಮನೆಯಿಂದ ಒಂದೊಂದು ಗಿಡ ಕಿತ್ತು ತಂದು ಊರಿಬಿಡಲಿ ಟೀಚರ್, ಸಾಯಂಕಾಲದವರೆಗೆ ಬಾಡುವುದಿಲ್ಲ.”

“ನಾಟಕ ಬೇಡ ಸಾರ್. ನಮ್ಮಲ್ಲಿ ಬೆಳೆಯುವುದನ್ನೇ ಬೆಳೆಸುವ,” ಎಂದೆ. ಜಗಲಿಯ ಬದಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಬಸಳೆ ನೆಟ್ಟೆವು. ಚಪ್ಪರ ತುಂಬ ಹಬ್ಬಿತು.

ಇನ್ಸ್‌ಪೆಕ್ಟರು ಬಂಟ್ವಾಳದ ಕಡೆಯಿಂದ ಬಸ್ಸಿನಲ್ಲಿ ಬಂದರು. “ಕೋಸೆಲ್ಲಿ?”

“ಕಲ್ಲು ಒಪ್ಪಲಿಲ್ಲ ಸಾರ್. ಬಸಳೆ ಉಂಟು.”

“ಬಸಳೆ ಯೋಜನೆಯಲ್ಲಿ ಇಲ್ಲ. ಅಗೆಯುವ ಮನಸ್ಸಿಲ್ಲ ನಿಮಗೆ,” ಎಂದು ಅಗೆಯುವುದು ಹೇಗೆಂದು ತೋರಿಸಲಿಕ್ಕೆ ಕೊಡೆಯ ತುದಿಯನ್ನು ನೆಲಕ್ಕೆ ಕುಟ್ಟಿದರು. ತುದಿ ಬಗ್ಗಿತು. ನಾನು ಬೇರೆ ಕಡೆ ನೋಡಿದೆ. ಆಮೇಲೆ ನನ್ನನ್ನು ಕರೆದು, “ಹೀಗಾದರೆ ನಿಮಗೆ ಆರನೇ ಕ್ಲಾಸು ಯಾಕೆ?” ಎಂದರು.

ಮಧ್ಯಾಹ್ನ ಊಟಕ್ಕೆ ಹೆಡ್ಮಾಸ್ಟರ ಮನೆಯಲ್ಲಿ ಅದೇ ಬಸಳೆಯ ಪದಾರ್ಥ. ಇನ್ಸ್‌ಪೆಕ್ಟರು ಎರಡು ಸಲ ಬಡಿಸಿಕೊಂಡರು, ಮೂರನೆಯ ಸಲ ಬೇಡ ಎಂದರೂ ಕೈ ಅಡ್ಡ ಹಿಡಿಯಲಿಲ್ಲ. ‘ಕೋಸು ಇಲ್ಲ’ ಎಂದು ವರದಿ ಬರೆದು, ಒಂದು ಕಟ್ಟು ಬಸಳೆಯನ್ನು ಮಡಚಿದ ಕೊಡೆಯೊಳಗೆ ತುರುಕಿ ಹೊರಟರು. ಹೊಳೆ ದಾಟುವಾಗ ಮಳೆ ಬಂತು. ಕೊಡೆ ಬಿಡಿಸಿದರೆ ಎಲ್ಲರೆದುರು ಬಸಳೆ ಬೀಳುತ್ತದೆ. ಪಾಪ, ಕೊಡೆ ಹಿಡಿದುಕೊಂಡೇ ಮಳೆಗೆ ತೊಯ್ದು ಚಂಡಿ ಮುದ್ದೆಯಾಗಿ ಬಸ್ಸು ಹತ್ತಿದರಂತೆ.

೩. ದನ ತೋರಿಸಿ

ಮರುವರ್ಷ ಶಾಲೆ ತೆರೆದ ಕೂಡಲೇ ಹಾಲಿನ ಪುಡಿ ಬಂತು. ಬಿಸಿನೀರಿಗೆ ಕಲಸಿ ಮಕ್ಕಳಿಗೆ ಕುಡಿಸಬೇಕು. ಎರಡನೇ ದಿನ ಬೆಳಿಗ್ಗೆ ನನ್ನ ಆರನೇ ಕ್ಲಾಸಿನ ಒಬ್ಬ ಹುಡುಗಿಯ ಅಜ್ಜಿ ಶಾಲೆಯ ಬಾಗಿಲಿಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಪೆತ್ತ ಓಲುಂಡು?” ದನ ಎಲ್ಲಿದೆ, ತೋರಿಸು ಎಂದು ತುಳುವಿನಲ್ಲಿ ಜೋರು.

“ದನ ಇಲ್ಲಿಲ್ಲ ಅಜ್ಜಿ, ಅಮೆರಿಕದಲ್ಲಿ ಉಂಟು.”

“ಯಾರ ಮನೆಯದ್ದು?”

“ಯಾರದ್ದೋ ಗೊತ್ತಿಲ್ಲ.”

“ಯಾರ ಮನೆಯ ದನ ಎಂದು ಗೊತ್ತಿಲ್ಲದೆ ಹಾಲು ಕುಡಿಸ್ತೀಯಾ? ಕರುವಿಗೆ ಬಿಟ್ಟು ಕರೆದದ್ದಾ, ಬಿಡದೆ ಕರೆದದ್ದಾ?”

ನಮ್ಮೂರಲ್ಲಿ ಹಾಲು ಕೊಳ್ಳುವಾಗ ಎಲ್ಲರೂ ಕೇಳುವ ಮಾತೇ ಅದು. ಹೆಡ್ಮಾಸ್ಟರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. ಕರುವಿನ ಸಂಗತಿ ಎಲ್ಲೂ ಬರೆದಿರಲಿಲ್ಲ.

ಅಜ್ಜಿಯ ಕಣ್ಣು ಅಷ್ಟರಲ್ಲಿ ಮೂಲೆಯ ಬುಟ್ಟಿಯ ಮೇಲೆ ಬಿತ್ತು. ಮಕ್ಕಳು ತೆಗೆದ ನೂಲು ಅದರಲ್ಲಿತ್ತು. ಮಳೆಗಾಲದ ತೇವಕ್ಕೆ ಹತ್ತಿ ಗಂಟುಗಟ್ಟಿ, ಬೆರಳು ದಪ್ಪಕ್ಕೆ ಬಂದ ನೂಲು. ಅದರಲ್ಲಿ ಬಟ್ಟೆ ನೇಯುವುದು ದೇವರಿಂದಲೂ ಆಗದು. ಅಜ್ಜಿ ಒಂದು ಎಳೆ ಹೊಸೆದು ನೋಡಿ, “ಇದು ಚಿಮಿಣಿ ದೀಪಕ್ಕೆ ಒಳ್ಳೆ ಬತ್ತಿ,” ಎಂದು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡಳು. ವಾರದೊಳಗೆ ಊರಿನ ಎಲ್ಲ ಮನೆಯವರೂ ಬತ್ತಿಗೆ ಬಂದರು. ಹಾಲು ಮಾತ್ರ ಮೊಮ್ಮಗಳಿಗೆ ಬೇಡವೆಂದು ಅಜ್ಜಿ ಹಠ ಮಾಡಿದಳು. “ಅಮೆರಿಕದವರು ಬಂದು ಕರು ತೋರಿಸಲಿ, ಆಮೇಲೆ ನೋಡುವ!”

೪. ನಾನು ಬಿಡದ ಉಸಿರು

ಅದೇ ಮಳೆಗಾಲದ ಆಟಿ ತಿಂಗಳಲ್ಲಿ ಇನ್ಸ್‌ಪೆಕ್ಟರು ಮತ್ತೆ ಬಂದರು. ಈ ಸಲ ಆರನೇ ಕ್ಲಾಸಿನ ತೀರ್ಮಾನ ಮಾಡಲಿಕ್ಕೇ ಬಂದದ್ದು. ಹೊರಗೆ ಜಡಿಮಳೆ. ಎರಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲೆಲ್ಲ ಮುಚ್ಚಿದ್ದೆವು. ಹಾಡುಹಗಲೇ ಕೋಣೆಯಲ್ಲಿ ಕತ್ತಲೆ. ಹೆಡ್ಮಾಸ್ಟರು ಮೇಜಿನ ಮೇಲೆ ಚಿಮಿಣಿ ದೀಪ ಹಚ್ಚಿಟ್ಟರು.

“ನೂಲು ತನ್ನಿ,” ಎಂದರು ಇನ್ಸ್‌ಪೆಕ್ಟರು.

ಬುಟ್ಟಿಯ ತಳದಲ್ಲಿ ಉಳಿದಿದ್ದ ನಾಲ್ಕು ಎಳೆ ತಂದೆ. ಅವರು ಎತ್ತಿ ಹಿಡಿದು, “ಇದು ನೂಲಾ, ದನ ಕಟ್ಟುವ ಹಗ್ಗವಾ? ಉಳಿದದ್ದೆಲ್ಲಿ?”

“ಊರಿನವರು ಬತ್ತಿಗೆ ತೆಗೆದುಕೊಂಡು ಹೋದರು ಸಾರ್.”

“ಬತ್ತಿಗಾ? ಮಕ್ಕಳು ತಮ್ಮ ಅಂಗಿಗೆ ತಾವೇ ನೂಲಬೇಕು ಎಂದು ಯೋಜನೆ. ನೀವು ಸರಕಾರದ ಹತ್ತಿಯಲ್ಲಿ ಬತ್ತಿ ಹೊಸೆದಿರಾ!”

ಪೆನ್ನು ತೆಗೆದರು. ಬರೆಯುವಾಗ ಬಾಯಲ್ಲೂ ಹೇಳುವ ಅಭ್ಯಾಸ ಅವರಿಗೆ. “ಇಲ್ಲಿನ ನೂಲು... ಯಾವ ಪ್ರಯೋಜನಕ್ಕೂ ಬಾರದ್ದು. ಆದಕಾರಣ ಆರನೇ ತರಗತಿಯನ್ನು...”

ಗೋಡೆಯ ಬದಿಯಲ್ಲಿ ಆ ವರ್ಷದ ನನ್ನ ಐದು ಹುಡುಗಿಯರು ನಿಂತಿದ್ದರು. ಒಬ್ಬಳ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಎಲ್ಲಿಂದ ಬಂತೋ ಸಿಟ್ಟು. ಬಗ್ಗಿ ಉಫ್ ಎಂದು ದೀಪ ಊದಿಬಿಟ್ಟೆ.

ಗವ್ವನೆ ಕತ್ತಲೆ.

“ಗಾಳಿಯಾ?” ಇನ್ಸ್‌ಪೆಕ್ಟರ ಸ್ವರ.

“ಗಾಳಿಯಲ್ಲ ಸಾರ್, ನಾನು.”

ಹೆಡ್ಮಾಸ್ಟರು ಕತ್ತಲಲ್ಲೇ ದೇವರ ಹೆಸರು ಹೇಳಲಿಕ್ಕೆ ಶುರು ಮಾಡಿದರು.

“ದೀಪ ಹಚ್ಚಿ!”

“ಹೇಗೆ ಹಚ್ಚುವುದು ಸಾರ್? ಅದರ ಬತ್ತಿ ನಮ್ಮ ಮಕ್ಕಳ ನೂಲು. ಯಾವ ಪ್ರಯೋಜನಕ್ಕೂ ಬಾರದ್ದು ಎಂದು ಈಗಷ್ಟೇ ಬರೆದಿರಿ.”

“ನಿಮ್ಮನ್ನು ಕನ್ಯಾನದ ಆಚೆಗೆ ವರ್ಗ ಮಾಡಿಸ್ತೇನೆ!”

“ಮಾಡಿಸಿ. ಅದನ್ನು ಬರೆಯಲಿಕ್ಕೂ ಬೆಳಕು ಬೇಕಲ್ಲ.”

ಅವರು ತಡಕಾಡಿ ಹೋಗಿ ಕಿಟಕಿ ತೆರೆದರು. ಮಳೆ ಮುಖಕ್ಕೇ ರಾಚಿತು. ದಢಾರನೆ ಮುಚ್ಚಿದರು. ಆಗ ಕತ್ತಲೆಯೊಳಗಿಂದ ಆ ಅಜ್ಜಿಯ ಮೊಮ್ಮಗಳು ಹೇಳಿದಳು, “ಸಾರ್, ನಾನು ಮನೆಯಲ್ಲಿ ಓದುವುದು ಈ ಬತ್ತಿಯ ದೀಪದಲ್ಲೇ.”

ಕತ್ತಲಲ್ಲಿ ಕುರ್ಚಿ ಎಳೆದು ಕೂತ ಸದ್ದು. ಆಮೇಲೆ ಇನ್ಸ್‌ಪೆಕ್ಟರು ಸೋತ ಸ್ವರದಲ್ಲಿ, “ಹಚ್ಚಿ ಮಾರಾಯ್ತಿ, ಹಚ್ಚಿ. ಬರೆದದ್ದನ್ನು ಹೊಡೆದು ಹಾಕ್ತೇನೆ,” ಎಂದರು.

ಹಚ್ಚಿದೆ. ಆದರೆ ನಂಬುವುದು ಹೇಗೆ? ಉಸಿರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ದೀಪದ ಹತ್ತಿರವೇ ಬಗ್ಗಿ ನಿಂತೆ. ಅವರು ಒಮ್ಮೆ ನನ್ನ ಕೆನ್ನೆ ನೋಡಿದರು, ಒಮ್ಮೆ ಕಾಗದ ನೋಡಿದರು. ಪೆನ್ನು ಓಡಿತು. “ನೂಲು ಊರಿಗೆ ಉಪಯುಕ್ತವಾಗಿದೆ. ಆರನೇ ತರಗತಿ ಮುಂದುವರಿಯಬಹುದು.” ಸಹಿ ಹಾಕಿ ಪೆನ್ನು ಕೆಳಗಿಟ್ಟರು.

“ಆಯಿತಲ್ಲ ಟೀಚರ್, ಇನ್ನಾದರೂ ಉಸಿರು ಬಿಡಿ!”

ನಾನು ಕೆನ್ನೆ ಇಳಿಸದೆ ತಲೆ ಅಲ್ಲಾಡಿಸಿ, ಅವರ ಚೀಲದಿಂದ ಇಣುಕುತ್ತಿದ್ದ, ಇನ್ನೂ ಒತ್ತದ ಸರಕಾರಿ ಮೊಹರಿನ ಕಡೆಗೆ ಬೆರಳು ತೋರಿಸಿದೆ.